ಹತ್ತೊಂಬತ್ತನೇ ವಯಸ್ಸಿನ ಫೆಲೊನಿ, ಗ್ರೀನ್ ಕಾರ್ಡ್ ಮತ್ತು ಮೈಸೂರಿನ ಟಿಕೆಟ್

ಪ್ರಶ್ನೆ: ನಾವು ಮೈಸೂರಿನವರು. 2008ರಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಎಚ್-4 ವೀಸಾದಲ್ಲಿ (ಕೆಲಸದ ವೀಸಾದವರ ಮನೆಯವರಿಗೆ ಸಿಗುವುದು) ಬಂದಾಗ ಮಗನಿಗೆ ಹನ್ನೊಂದು ವರ್ಷ. 2012ರಲ್ಲಿ ಒಂದು ಸಲ ಊರಿಗೆ ಹೋಗಿ ಬಂದಿದ್ದ. 2015ರಲ್ಲಿ ಎಲ್ಲರಿಗೂ ಗ್ರೀನ್ ಕಾರ್ಡ್ ಬಂತು. ಮುಂದಿನ ವರ್ಷ, ಹತ್ತೊಂಬತ್ತು ತುಂಬಿದ ಮೇಲೆ, ಪಾರ್ಟ್ ಟೈಮ್ ಕೆಲಸ ಮಾಡುತ್ತಿದ್ದ ಫೋನ್ ಅಂಗಡಿಯಿಂದ ಇಬ್ಬರು ಸ್ನೇಹಿತರ ಜೊತೆ ಸೇರಿ ಫೋನುಗಳನ್ನು ಹೊರಗೆ ಸಾಗಿಸಿ ಸಿಕ್ಕಿಬಿದ್ದ. ಸಾಂಟಾ ಕ್ಲಾರಾ ಕೌಂಟಿಯಲ್ಲಿ ಗ್ರ್ಯಾಂಡ್ ಥೆಫ್ಟ್ (ದೊಡ್ಡ ಕಳವು) ಅಂತ ಫೆಲೊನಿ, ಅಂದರೆ ಗಂಭೀರ ಅಪರಾಧದ ಕೇಸ್ ಆಯಿತು. ತಪ್ಪೊಪ್ಪಿಕೊಂಡ. 60 ದಿನ ಜೈಲು, ಮೂರು ವರ್ಷ ಪ್ರೊಬೇಷನ್ (ಜೈಲಿನ ಹೊರಗೆ ಕೋರ್ಟಿನ ನಿಗಾದಲ್ಲಿ ಇರುವುದು), ಅಂಗಡಿಗೆ ಪರಿಹಾರ. ಎಲ್ಲವನ್ನೂ 2019ರಲ್ಲಿ ಮುಗಿಸಿದ. ಆಮೇಲೆ ಒಂದೂ ಕೇಸಿಲ್ಲ. ಈಗ ಒಂದು ಬ್ಯಾಂಕಿನ ಐಟಿ ವಿಭಾಗದಿಂದ ಆಫರ್ ಬರುವ ಹಾಗಿದೆ, ಮದುವೆ ಮಾತುಕತೆಯೂ ನಡೀತಿದೆ. ‘ಎಕ್ಸ್‌ಪಂಜ್’ ಮಾಡಿಸಿದರೆ ಎಲ್ಲಾ ಅಳಿಸಿ ಹೋಗುತ್ತೆ ಅಂತ ಪರಿಚಯದವರು ಹೇಳಿದರು. ಅದನ್ನು ಮಾಡಿಸಿ, ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕಿ, ಡಿಸೆಂಬರ್‌ನಲ್ಲಿ ಅಜ್ಜಿಯನ್ನು ನೋಡೋಕೆ ಅವನನ್ನು ಮೈಸೂರಿಗೆ ಕಳಿಸಬಹುದಾ? ಹುಡುಗಿಯ ಮನೆಯವರಿಗೆ ಇದನ್ನೆಲ್ಲ ಹೇಳಲೇಬೇಕಾ?

ಉತ್ತರ: ಮೊದಲು ಟಿಕೆಟ್ ವಿಷಯ. ದಯವಿಟ್ಟು ಇನ್ನೂ ಬುಕ್ ಮಾಡಬೇಡಿ. ಮಾಡಿದ್ದರೆ ಮುಂದಕ್ಕೆ ಹಾಕಿ. ಅಜ್ಜಿಯನ್ನು ನೋಡುವ ಆಸೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತು, ಆದರೂ ಈ ಸ್ಥಿತಿಯಲ್ಲಿ ಅವನು ದೇಶ ಬಿಟ್ಟು ಹೋಗಬಾರದು. ಸಿಟಿಜನ್‌ಶಿಪ್ ಅರ್ಜಿಯನ್ನೂ ಈಗಲೇ ಹಾಕಬಾರದು. ಕೇಸನ್ನು ಸರಿಪಡಿಸುವ ದಾರಿ ಖಂಡಿತ ಇದೆ, ನಿಮ್ಮ ಮಗನ ಮಟ್ಟಿಗೆ ಒಳ್ಳೆಯ ದಾರಿಯೇ ಇದೆ. ಆದರೆ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದರಲ್ಲೇ ಎಲ್ಲಾ ಇದೆ. ನಿಮ್ಮ ಪರಿಚಯದವರು ಹೇಳಿದ ಕ್ರಮದಲ್ಲಿ ಹೋದರೆ ಕೋರ್ಟಿನಲ್ಲಿ ಗೆದ್ದು ಏರ್‌ಪೋರ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುವ ಅಪಾಯ ಇದೆ.

ಎಲ್ಲರೂ ಎಕ್ಸ್‌ಪಂಜ್ ಅನ್ನುವುದು ಕ್ಯಾಲಿಫೋರ್ನಿಯಾ ಪೀನಲ್ ಕೋಡ್ 1203.4ನೇ ಸೆಕ್ಷನ್‌ಗೆ. ಪ್ರೊಬೇಷನ್ ಸರಿಯಾಗಿ ಮುಗಿಸಿದವರು ಸಿಆರ್-180 ಅನ್ನುವ ಫಾರ್ಮ್ ತುಂಬಿ, ಶಿಕ್ಷೆಯಾದ ಕೌಂಟಿಯ ಕೋರ್ಟಿಗೇ ಅರ್ಜಿ ಕೊಡುತ್ತಾರೆ. ನಿಮ್ಮ ಮನೆ ಇರುವುದು ಅಲಮೇಡಾ ಕೌಂಟಿಯಲ್ಲಾದರೂ ಅರ್ಜಿ ಹೋಗಬೇಕಾದ್ದು ಸಾಂಟಾ ಕ್ಲಾರಾಗೆ. ಸರ್ಕಾರಿ ವಕೀಲರಿಗೆ 15 ದಿನ ಮುಂಚೆ ನೋಟಿಸ್ ಹೋಗಿರಬೇಕು. ಪ್ರೊಬೇಷನ್ನಿನ ಷರತ್ತುಗಳನ್ನೆಲ್ಲ ಪೂರೈಸಿದ್ದು, ಬೇರೆ ಕೇಸು ನಡೆಯುತ್ತಿಲ್ಲದಿದ್ದರೆ ಜಡ್ಜ್ ಇದನ್ನು ಕೊಡಲೇಬೇಕು. ಪ್ರೊಬೇಷನ್ ನಡುವೆ ಏನಾದರೂ ಎಡವಟ್ಟಾಗಿದ್ದರೆ ಮಾತ್ರ ಅದು ಜಡ್ಜ್ ವಿವೇಚನೆಗೆ ಬಿಟ್ಟದ್ದು. ಮಕ್ಕಳ ಮೇಲಿನ ಕೆಲವು ಲೈಂಗಿಕ ಅಪರಾಧಗಳಂಥವಕ್ಕೆ ಈ ದಾರಿ ಇಲ್ಲ. ಕಳವಿಗೆ ಇದೆ. ಪರಿಹಾರದ ದುಡ್ಡು ಬಾಕಿ ಇರುವವರ ಅರ್ಜಿಯನ್ನು ಹಿಂದೆ ಆ ಕಾರಣಕ್ಕೇ ತಳ್ಳಿಹಾಕುತ್ತಿದ್ದರು. 2023ರ ಜನವರಿಯಿಂದ ಹಾಗೆ ಮಾಡುವಂತಿಲ್ಲ. ನಿಮ್ಮ ಮಗ ಪೂರ್ತಿ ಕಟ್ಟಿದ್ದಾನೆ, ಒಳ್ಳೆಯದೇ ಆಯಿತು. ರಸೀದಿಗಳನ್ನು ಹುಡುಕಿ ಇಡಿ.

ಅರ್ಜಿ ಮಂಜೂರಾದರೆ ಏನಾಗುತ್ತೆ? ತಪ್ಪೊಪ್ಪಿಗೆ ವಾಪಸ್ ಪಡೆದ ಹಾಗೆ ದಾಖಲಾಗಿ, ಕೇಸ್ ವಜಾ ಆಗುತ್ತೆ. ಅಷ್ಟೇ. ಅಳಿಸಿ ಹೋಗುವುದಿಲ್ಲ, ಸೀಲ್ ಕೂಡ ಆಗುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಿನ ಮೇಲೆ ಗೀಟು ಎಳೆದು ಪಕ್ಕದಲ್ಲಿ ‘ವಜಾ’ ಅಂತ ಬರೆದ ಹಾಗೆ, ಕೆಳಗಿನ ಸಾಲು ಓದಲು ಸಿಗುತ್ತಲೇ ಇರುತ್ತೆ. ಕೋರ್ಟ್ ಫೈಲು ಹಾಗೇ ಇರುತ್ತೆ. ಬಂದೂಕು ಇಟ್ಟುಕೊಳ್ಳುವ ಹಕ್ಕು ಇದರಿಂದ ವಾಪಸ್ ಬರುವುದಿಲ್ಲ. ಮುಂದೆ ಇನ್ನೊಂದು ಕೇಸಾದರೆ ಹಳೆಯದನ್ನು ಎಣಿಸುತ್ತಾರೆ.

ಆದರೂ ಇದು ಸಣ್ಣ ವಿಷಯ ಅಲ್ಲ. ಕೆಲಸದ ಮಟ್ಟಿಗೆ ತುಂಬಾ ಬೆಲೆಯಿದೆ. ವಜಾ ಆದ ಶಿಕ್ಷೆಯ ಬಗ್ಗೆ ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಕಂಪನಿಗಳು ಸಾಮಾನ್ಯವಾಗಿ ಕೇಳುವಂತಿಲ್ಲ, ಬೇರೆ ಎಲ್ಲಿಂದಲೋ ಗೊತ್ತಾದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ವಜಾ ಆಗದಿದ್ದರೂ ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ, ಆಫರ್ ಕೊಡುವ ಮುಂಚೆ ಕ್ರಿಮಿನಲ್ ರೆಕಾರ್ಡ್ ಕೇಳಬಾರದು ಅಂತ 2018ರ ಜನವರಿಯಿಂದ ಕಾನೂನಿದೆ. ಬ್ಯಾಕ್‌ಗ್ರೌಂಡ್ ಚೆಕ್ ಮಾಡುವ ಕಂಪನಿಗಳು ಏಳು ವರ್ಷಕ್ಕಿಂತ ಹಳೆಯ ಶಿಕ್ಷೆಯನ್ನು ಇಲ್ಲಿ ವರದಿ ಮಾಡುವಂತಿಲ್ಲ. ಮಾಡಿದರೆ ಬರವಣಿಗೆಯಲ್ಲಿ ಆಕ್ಷೇಪಣೆ ಕೊಡಿ, ಸಾಮಾನ್ಯವಾಗಿ 30 ದಿನದೊಳಗೆ ಅವರು ಪರಿಶೀಲಿಸಿ ಸರಿಪಡಿಸಬೇಕು.

ಬ್ಯಾಂಕ್ ಅಂದಿರಿ, ಅದಕ್ಕೆ ಬೇರೆಯೇ ಒಂದು ಕಟ್ಟಳೆ ಇದೆ. ಕಳವು, ಮೋಸದಂಥ ಅಪರಾಧ ಮಾಡಿದವರನ್ನು ಠೇವಣಿ ವಿಮೆಯಿರುವ ಬ್ಯಾಂಕುಗಳು ಫೆಡರಲ್ ವಿಮಾ ಸಂಸ್ಥೆಯ ಒಪ್ಪಿಗೆ ಇಲ್ಲದೆ ಕೆಲಸಕ್ಕೆ ಇಟ್ಟುಕೊಳ್ಳಬಾರದು ಅನ್ನುವ ಫೆಡರಲ್ ನಿಯಮ, ಫೆಡರಲ್ ಡೆಪಾಸಿಟ್ ಇನ್ಶೂರೆನ್ಸ್ ಆಕ್ಟ್‌ನ 19ನೇ ಸೆಕ್ಷನ್. ಐಟಿ ಹುದ್ದೆಗಳಿಗೂ ಇದು ತಗಲುತ್ತೆ. ಎಷ್ಟೋ ಜನಕ್ಕೆ ಆಫರ್ ಕೈಗೆ ಬಂದ ಮೇಲೆ ಇದು ಗೊತ್ತಾಗುತ್ತೆ, ಪಾಪ. ಆದರೆ 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಇದನ್ನು ಸಡಿಲ ಮಾಡಿತು. ಅಪರಾಧ ನಡೆದಾಗ 21 ಅಥವಾ ಅದಕ್ಕಿಂತ ಕಮ್ಮಿ ವಯಸ್ಸಾಗಿದ್ದು, ಶಿಕ್ಷೆ ವಿಧಿಸಿ 30 ತಿಂಗಳು ಕಳೆದಿದ್ದರೆ, ಆ ಒಪ್ಪಿಗೆ ಬೇಕಿಲ್ಲ. ನಿಮ್ಮ ಮಗ ಸರಿಯಾಗಿ ಇದರೊಳಗೆ ಬರುತ್ತಾನೆ. ಬ್ಯಾಂಕಿನ ಎಚ್‌ಆರ್‌ನವರಿಗೇ ಇದು ಗೊತ್ತಿಲ್ಲದಿರಬಹುದು, ಅಗತ್ಯ ಬಿದ್ದರೆ ವಕೀಲರಿಂದ ಒಂದು ಪುಟದ ಪತ್ರ ಬರೆಸಿ ಕೊಡಿ.

ಇಲ್ಲಿವರೆಗೆ ಹೇಳಿದ್ದು ಸುಲಭದ ಭಾಗ.

ಕಷ್ಟ ಇರುವುದು ಇಮಿಗ್ರೇಷನ್‌ನಲ್ಲಿ. ರಾಜ್ಯದ ಕೋರ್ಟು ವಜಾ ಮಾಡಿದರೂ ಫೆಡರಲ್ ಇಮಿಗ್ರೇಷನ್ ಕಾನೂನಿನ ಲೆಕ್ಕದಲ್ಲಿ ಅದು ಶಿಕ್ಷೆಯಾಗಿಯೇ ಉಳಿಯುತ್ತೆ. ಒಮ್ಮೆ ತಪ್ಪೊಪ್ಪಿಕೊಂಡು, ಜಡ್ಜ್ ಏನಾದರೂ ದಂಡನೆ ಅಥವಾ ನಿರ್ಬಂಧ ಹಾಕಿದರೆ ಮುಗೀತು. ಪ್ರೊಬೇಷನ್ ಚೆನ್ನಾಗಿ ಮುಗಿಸಿದ್ದಕ್ಕೆ ಬಹುಮಾನದಂತೆ ರಾಜ್ಯ ಕೊಡುವ ಮಾಫಿಯನ್ನು ನಾವು ಪರಿಗಣಿಸುವುದಿಲ್ಲ ಅಂತ ಇಮಿಗ್ರೇಷನ್ ಮೇಲ್ಮನವಿ ಮಂಡಳಿ 1999ರಲ್ಲೇ ಹೇಳಿದೆ. ಅಂದರೆ ಸುಮ್ನೆ 1203.4 ಮಾಡಿಸಿ ಬಂದರೆ ಸಿಟಿಜನ್‌ಶಿಪ್ ಅಧಿಕಾರಿಯ ಎದುರಿಗೂ, ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಿನ ಅಧಿಕಾರಿಯ ಎದುರಿಗೂ ನಿಮ್ಮ ಮಗ 2016ರ ಫೆಲೊನಿಯವನೇ.

ಹಾಗಾದರೆ ಮನೆಯಲ್ಲೇ ಇದ್ದರೆ ಪರವಾಗಿಲ್ವಾ? ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಳವು ‘ನೈತಿಕ ಅಧಃಪತನ’ದ ಅಪರಾಧ ಅನ್ನಿಸಿಕೊಳ್ಳುತ್ತೆ. ಅಂಥ ಒಂದೇ ಅಪರಾಧಕ್ಕೆ ಗಡೀಪಾರು ಮಾಡಬೇಕಾದರೆ ಎರಡು ವಿಷಯ ಸೇರಬೇಕು: ಅಮೆರಿಕದೊಳಗೆ ಪ್ರವೇಶ ಪಡೆದ ಐದು ವರ್ಷದೊಳಗೆ ಅಪರಾಧ ನಡೆದಿರಬೇಕು, ಮತ್ತು ಆ ಅಪರಾಧಕ್ಕೆ ಒಂದು ವರ್ಷ ಅಥವಾ ಜಾಸ್ತಿ ಶಿಕ್ಷೆ ವಿಧಿಸಲು ಸಾಧ್ಯವಿರಬೇಕು. ಎಷ್ಟು ಕೊಟ್ಟರು ಅನ್ನುವುದಲ್ಲ, ಎಷ್ಟು ಕೊಡಬಹುದಿತ್ತು ಅನ್ನುವುದು. ನೀವು 2008ರಲ್ಲಿ ಬಂದಿರಿ, ಘಟನೆ 2016ರದ್ದು, ಎಂಟು ವರ್ಷ ಆಯಿತು, ಬಚಾವ್ ಅಂದುಕೊಳ್ಳಬಹುದು. ಆದರೆ 2012ರಲ್ಲಿ ಅವನು ಊರಿಗೆ ಹೋಗಿ ಬಂದನಲ್ಲ, ಆ ಒಂದು ಪ್ರವಾಸ ಇಲ್ಲಿ ಅಡ್ಡ ಬರುತ್ತೆ. ಅಪರಾಧ ನಡೆದಾಗ ಯಾವ ಪ್ರವೇಶದ ಬಲದಿಂದ ಅವನು ಇಲ್ಲಿದ್ದ ಅಂತ ನೋಡುತ್ತಾರೆ. ಸರ್ಕಾರಿ ವಕೀಲ 2012ರ ಸ್ಟಾಂಪಿನಿಂದ ಎಣಿಸಿದರೆ ನಾಲ್ಕೇ ವರ್ಷ. ಅದಕ್ಕೇ ಹಳೆಯ ಪಾಸ್‌ಪೋರ್ಟುಗಳನ್ನೆಲ್ಲ, ಮೂಲೆ ಕತ್ತರಿಸಿ ವಾಪಸ್ ಕೊಟ್ಟಿರುತ್ತಾರಲ್ಲ ಅವನ್ನೂ ಸೇರಿಸಿ, ವಕೀಲರ ಹತ್ತಿರ ತೆಗೆದುಕೊಂಡು ಹೋಗಿ. ಯಾವ ದಿನ ಯಾವ ವೀಸಾದಲ್ಲಿ ಒಳಗೆ ಬಂದ ಅನ್ನುವ ಪಟ್ಟಿಯನ್ನು ನೀವೇ ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ಅವರ ಅರ್ಧ ಕೆಲಸ ಮುಗಿದ ಹಾಗೆ.

ಇನ್ನು ಪ್ರಯಾಣ. ಗ್ರೀನ್ ಕಾರ್ಡ್ ಇರುವವರು ಊರಿಗೆ ಹೋಗಿ ಬಂದರೆ ಸಾಮಾನ್ಯವಾಗಿ ಹೊಸದಾಗಿ ಪ್ರವೇಶ ಕೇಳುತ್ತಿರುವವರು ಅಂತ ಪರಿಗಣಿಸುವುದಿಲ್ಲ. ಮನೆಗೆ ವಾಪಸ್ ಬಂದವರು, ಅಷ್ಟೇ. ಆದರೆ ಇಂಥ ಅಪರಾಧ ಮಾಡಿದವರಿಗೆ ಆ ಸೌಲಭ್ಯ ಇಲ್ಲ. ಅವರನ್ನು ಹೊಸಬರ ಹಾಗೆ ಬಾಗಿಲಲ್ಲಿ ನಿಲ್ಲಿಸಿ ಕೇಳಬಹುದು, ಮತ್ತು ಪ್ರವೇಶ ನಿರಾಕರಿಸುವ ನಿಯಮಗಳಲ್ಲಿ ಆ ಐದು ವರ್ಷದ ಮಿತಿಯೇ ಇಲ್ಲ. ಹತ್ತು ವರ್ಷ ಹಳೆಯದಾದರೂ ಅಷ್ಟೇ, ಇಪ್ಪತ್ತಾದರೂ ಅಷ್ಟೇ. ಇಲ್ಲೇ ಇದ್ದಾಗ ಗಡೀಪಾರಿಗೆ ಒಳಪಡದ ವ್ಯಕ್ತಿ ಹದಿನೈದು ದಿನ ಊರಿಗೆ ಹೋಗಿ ಬಂದದ್ದಕ್ಕೇ ಇಮಿಗ್ರೇಷನ್ ಕೋರ್ಟಿನಲ್ಲಿ ನಿಲ್ಲಬೇಕಾಗಿ ಬರುವುದು ಹೀಗೆ. ಭಾರತಕ್ಕೆ ಹೋಗೋಕೆ ಏನೂ ತೊಂದರೆ ಆಗಲ್ಲ, ಬೆಂಗಳೂರಿನಲ್ಲಿ ಯಾರೂ ತಡೆಯುವುದಿಲ್ಲ. ಅದಕ್ಕೇ ಜನ ಮೋಸ ಹೋಗುತ್ತಾರೆ. ವಾಪಸ್ ಬಂದಾಗ ಬೆರಳಚ್ಚು ಕೊಟ್ಟ ಮೇಲೆ ಪಕ್ಕದ ಕೋಣೆಗೆ ಕರೆಯುತ್ತಾರೆ. ‘ನಾನು ಹಿಂದೆ ಒಂದು ಸಲ ಹೋಗಿ ಬಂದೆ, ಏನೂ ಕೇಳಲಿಲ್ಲ’ ಅನ್ನುವವರು ಸಿಗುತ್ತಾರೆ, ಅವರ ಮಾತು ನಂಬಬೇಡಿ. ಒಂದು ಸಲ ಕೇಳದಿದ್ದರೆ ಇನ್ನೊಂದು ಸಲ ಕೇಳಲ್ಲ ಅಂತೇನಿಲ್ಲ.

ಈಗ ಪರಿಹಾರಕ್ಕೆ ಬರೋಣ. ನಿಮ್ಮ ಮಗನಿಗೆ ನಿಜವಾಗಿ ಬೇಕಾಗಿರುವುದು ಅದೇ ಪೀನಲ್ ಕೋಡಿನ 17(ಬಿ) ಅನ್ನುವ ಸೆಕ್ಷನ್. ಗ್ರ್ಯಾಂಡ್ ಥೆಫ್ಟ್‌ನಂಥ ಕೆಲವು ಅಪರಾಧಗಳನ್ನು ಕ್ಯಾಲಿಫೋರ್ನಿಯಾದಲ್ಲಿ ಫೆಲೊನಿಯಾಗಿಯೂ ಹಾಕಬಹುದು, ಮಿಸ್‌ಡಿಮೀನರ್ (ಫೆಲೊನಿಗಿಂತ ಕೆಳಗಿನ, ಚಿಕ್ಕ ಅಪರಾಧ) ಆಗಿಯೂ ಹಾಕಬಹುದು. ಅಂಥದನ್ನು ಪ್ರೊಬೇಷನ್ ಮುಗಿದ ಎಷ್ಟೋ ವರ್ಷದ ಮೇಲೂ ಜಡ್ಜ್ ಮಿಸ್‌ಡಿಮೀನರ್‌ಗೆ ಇಳಿಸಬಹುದು. ಹೀಗೆ ಇಳಿಸಿದ್ದನ್ನು ಇಮಿಗ್ರೇಷನ್ ಲೆಕ್ಕದಲ್ಲೂ ಮಿಸ್‌ಡಿಮೀನರ್ ಅಂತಲೇ ನೋಡಬೇಕು ಅಂತ ಕ್ಯಾಲಿಫೋರ್ನಿಯಾ ಸೇರುವ ಫೆಡರಲ್ ಮೇಲ್ಮನವಿ ಕೋರ್ಟು, ಅಂದರೆ ಒಂಬತ್ತನೇ ಸರ್ಕ್ಯೂಟ್ ಕೋರ್ಟು, 2003ರಲ್ಲಿ ಹೇಳಿದೆ. 1203.4ಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಮಿಸ್‌ಡಿಮೀನರ್ ಆದರೆ ಏನು ಲಾಭ? ಕ್ಯಾಲಿಫೋರ್ನಿಯಾದಲ್ಲಿ 2015ರ ಜನವರಿ 1ರಿಂದ ಮಿಸ್‌ಡಿಮೀನರ್‌ಗೆ ಗರಿಷ್ಠ ಶಿಕ್ಷೆ 364 ದಿನ. ಮೊದಲು 365 ಇತ್ತು. ಒಂದೇ ಒಂದು ದಿನ ಕಮ್ಮಿ ಮಾಡಿದ್ದು ಇಮಿಗ್ರೇಷನ್ ತೊಂದರೆ ತಪ್ಪಿಸೋಕೇ. ‘ಒಂದು ವರ್ಷ ಅಥವಾ ಜಾಸ್ತಿ ವಿಧಿಸಲು ಸಾಧ್ಯ’ ಅನ್ನುವ ಮಾತು ಆಗ ಅನ್ವಯಿಸುವುದೇ ಇಲ್ಲ, 2012ರ ಸ್ಟಾಂಪಿನ ತಲೆನೋವೂ ಹೋಯಿತು. 2015ಕ್ಕಿಂತ ಹಿಂದಿನ ಶಿಕ್ಷೆಗಳಿಗೆ ಇದನ್ನು ಅನ್ವಯಿಸಲು ಇಮಿಗ್ರೇಷನ್‌ನವರು ಒಪ್ಪಿಲ್ಲ, ಆದರೆ ನಿಮ್ಮದು 2016ರದ್ದು. ಪ್ರಯಾಣದ ವಿಷಯಕ್ಕೂ ಒಂದು ವಿನಾಯಿತಿ ಸಿಗುತ್ತೆ. ಜೀವನದಲ್ಲಿ ಅಂಥ ಅಪರಾಧ ಒಂದೇ ಆಗಿದ್ದು, ಅದರ ಗರಿಷ್ಠ ಶಿಕ್ಷೆ ಒಂದು ವರ್ಷ ಮೀರದೆ, ವಿಧಿಸಿದ ಶಿಕ್ಷೆ ಆರು ತಿಂಗಳು ಮೀರದಿದ್ದರೆ, ಅದನ್ನು ಸಣ್ಣ ಅಪರಾಧ ಅಂತ ಬಿಟ್ಟುಬಿಡುತ್ತಾರೆ. ನಿಮ್ಮ ಮಗನಿಗೆ ವಿಧಿಸಿದ್ದು 60 ದಿನ. ನೆನಪಿಡಿ, ಇಲ್ಲಿ ಲೆಕ್ಕ ಆದೇಶದಲ್ಲಿ ಬರೆದ ದಿನಗಳದ್ದು. ನಿಜವಾಗಿ ಎಷ್ಟು ದಿನ ಒಳಗಿದ್ದ ಅನ್ನುವುದು ಮುಖ್ಯವಲ್ಲ. ಇನ್ನೊಂದು ಚಿಕ್ಕ ಅಂಗಡಿ ಕಳವಿನ ಕೇಸಿನಲ್ಲಿ ಶಿಕ್ಷೆ ಆಗಿದ್ದರೂ ಈ ವಿನಾಯಿತಿ ಹೋಗುತ್ತೆ. ಒಂದೂ ಕೇಸಿಲ್ಲ ಅಂದಿರಿ, ಮಗನನ್ನು ಒಂಟಿಯಾಗಿ ಕೂರಿಸಿಕೊಂಡು ವಕೀಲರು ಇನ್ನೊಂದು ಸಲ ಕೇಳಲಿ. ಅಪ್ಪ ಅಮ್ಮನ ಎದುರಿಗೆ ಹೇಳದ ಸಂಗತಿಗಳು ಇರುತ್ತವೆ.

17(ಬಿ) ಜಡ್ಜ್ ಕೊಡಲೇಬೇಕಾದ್ದಲ್ಲ, ಅವರ ವಿವೇಚನೆಗೆ ಬಿಟ್ಟದ್ದು. ಅದಕ್ಕೆ ಅರ್ಜಿ ಬರೀ ಫಾರ್ಮ್ ಆಗಿರಬಾರದು. ಪ್ರೊಬೇಷನ್ ಮುಗಿಸಿದ ದಾಖಲೆ, ಪರಿಹಾರದ ರಸೀದಿ, ಡಿಗ್ರಿ, ಕೆಲಸದ ಕಡೆಯವರ ಪತ್ರ, ಸ್ವಯಂಸೇವೆ ಏನಾದರೂ ಮಾಡಿದ್ದರೆ ಅದರ ಪತ್ರ, ಜೊತೆಗೆ ಅವನೇ ತನ್ನ ಮಾತಿನಲ್ಲಿ ಬರೆದ ಒಂದೂವರೆ ಪುಟ. ನೀವು ಬರೆದುಕೊಡಬೇಡಿ. ‘ಕೆಟ್ಟ ಸಹವಾಸದಿಂದ ಆಯಿತು’ ಅಂತ ಸ್ನೇಹಿತರ ಮೇಲೆ ಹಾಕುವ ಪತ್ರ ಜಡ್ಜ್‌ಗೆ ಹಿಡಿಸುವುದಿಲ್ಲ. ತಾನು ಏನು ಮಾಡಿದೆ, ಆಮೇಲೆ ಏನು ಬದಲಾಯಿತು, ಈಗ ಯಾಕೆ ಕೇಳುತ್ತಿದ್ದೇನೆ ಅಂತ ನೇರವಾಗಿ ಬರೆಯಲಿ. ಸಿಆರ್-180 ಫಾರ್ಮಿನಲ್ಲಿ ಅಪರಾಧಗಳ ಒಂದು ಕೋಷ್ಟಕ ಇದೆ. ಕೋಡ್, ಸೆಕ್ಷನ್, ಯಾವ ಬಗೆಯ ಅಪರಾಧ ಅಂತ ತುಂಬಿದ ಮೇಲೆ, ಇದು 17(ಬಿ) ಅಡಿಯಲ್ಲಿ ಇಳಿಸಲು ಅರ್ಹವೇ ಅಂತ ಒಂದು ಕಾಲಂ ಬರುತ್ತೆ. ತಾವೇ ಫಾರ್ಮ್ ತುಂಬುವವರು ಅದನ್ನು ಖಾಲಿ ಬಿಡುತ್ತಾರೆ, ಇಲ್ಲವೇ ಅರ್ಥವಾಗದೆ ಇಲ್ಲ ಅಂತ ಬರೆಯುತ್ತಾರೆ. ಆಮೇಲೆ 1203.4 ಒಂದೇ ಮಂಜೂರಾಗಿ ಬರುತ್ತೆ, ಮನೆಯವರು ಸಿಹಿ ಹಂಚುತ್ತಾರೆ, ಇಮಿಗ್ರೇಷನ್ ವಿಷಯದಲ್ಲಿ ಒಂದಿಂಚೂ ಮುಂದೆ ಹೋಗಿರುವುದಿಲ್ಲ.

ಅರ್ಜಿ ಹಾಕುವ ಮುಂಚೆ ಇನ್ನೊಂದು ನೋಡಬೇಕು. ಶಿಕ್ಷೆಯ ದಿನದ ಕೋರ್ಟ್ ಆದೇಶ ತೆಗೆಸಿ, ಅದರಲ್ಲಿ ಶಿಕ್ಷೆ ವಿಧಿಸುವುದನ್ನೇ ತಡೆಹಿಡಿದು ಪ್ರೊಬೇಷನ್ ಕೊಟ್ಟರಾ, ಅಥವಾ ರಾಜ್ಯದ ಸೆರೆಮನೆ ಶಿಕ್ಷೆಯನ್ನು ವಿಧಿಸಿ ಅದರ ಜಾರಿಯನ್ನು ಮಾತ್ರ ತಡೆಹಿಡಿದರಾ ಅಂತ ನೋಡಿ. ಎರಡೂ ಒಂದೇ ಥರ ಕಾಣುತ್ತೆ, ಪ್ರೊಬೇಷನ್ ಮುಗಿಸಿದವನಿಗೆ ವ್ಯತ್ಯಾಸವೂ ಗೊತ್ತಾಗಿರುವುದಿಲ್ಲ. ಮೊದಲನೆಯದಾದರೆ 17(ಬಿ) ಸಾಧ್ಯ. ಎರಡನೆಯದಾದರೆ ಆ ಬಾಗಿಲು ಮುಚ್ಚಿದ ಹಾಗೆ, ಅಷ್ಟೇ ಅಲ್ಲ, ತಡೆಹಿಡಿದ ಆ ಶಿಕ್ಷೆಯನ್ನೂ ಇಮಿಗ್ರೇಷನ್‌ನವರು ಪೂರ್ತಿ ಎಣಿಸುತ್ತಾರೆ. ಕಳವಿಗೆ ಒಂದು ವರ್ಷ ಅಥವಾ ಜಾಸ್ತಿ ಶಿಕ್ಷೆ ಅಂತಾದರೆ ಇಮಿಗ್ರೇಷನ್ ಕಾನೂನು ಅತಿ ಗಂಭೀರ ಅನ್ನುವ ‘ಅಗ್ರವೇಟೆಡ್ ಫೆಲೊನಿ’ ಗುಂಪಿಗೆ ಹಾಕಲು ನೋಡುತ್ತಾರೆ, ಅದರಲ್ಲಿ ಬಿದ್ದವರಿಗೆ ಸಿಟಿಜನ್‌ಶಿಪ್ ಶಾಶ್ವತವಾಗಿ ಇಲ್ಲ. ನಿಮ್ಮ ಮಗನದು ಮೊದಲನೆಯ ಬಗೆಯೇ ಇರುವ ಸಾಧ್ಯತೆ ಜಾಸ್ತಿ, 60 ದಿನ ಅನ್ನುವುದನ್ನು ನೋಡಿದರೆ. ಆದರೆ ಕಾಗದ ನೋಡದೆ ಯಾರೂ ಹೇಳಬಾರದು.

17(ಬಿ) ಸಿಗದೇ ಹೋದರೆ ಪೀನಲ್ ಕೋಡಿನಲ್ಲೇ 1473.7 ಅನ್ನುವ ಸೆಕ್ಷನ್ ಇದೆ. 2017ರಲ್ಲಿ ಬಂದದ್ದು. ತಪ್ಪೊಪ್ಪಿಕೊಂಡರೆ ಇಮಿಗ್ರೇಷನ್‌ನಲ್ಲಿ ಏನಾಗುತ್ತೆ ಅಂತ ಆಗ ಸರಿಯಾಗಿ ಅರ್ಥವಾಗಿರಲಿಲ್ಲ, ಗೊತ್ತಿದ್ದರೆ ಒಪ್ಪಿಕೊಳ್ಳುತ್ತಿರಲಿಲ್ಲ ಅಂತ ತೋರಿಸಿದರೆ ಆ ಶಿಕ್ಷೆಯನ್ನೇ ರದ್ದು ಮಾಡುತ್ತಾರೆ. ಇದು ಪ್ರೊಬೇಷನ್ ಮುಗಿಸಿದ್ದಕ್ಕೆ ಸಿಗುವ ಮಾಫಿಯಲ್ಲ. ಕೇಸಿನಲ್ಲೇ ಲೋಪ ಇತ್ತು ಅನ್ನುವ ಆದೇಶ. ಹಾಗಾಗಿ ಇಮಿಗ್ರೇಷನ್‌ನವರೂ ಇದನ್ನು ಒಪ್ಪುತ್ತಾರೆ. ತಪ್ಪೊಪ್ಪಿಗೆಯ ಗಡೀಪಾರು ಪರಿಣಾಮದ ಬಗ್ಗೆ ಕಕ್ಷಿದಾರನಿಗೆ ತಿಳಿಸುವುದು ವಕೀಲರ ಕರ್ತವ್ಯ ಅಂತ ಅಮೆರಿಕದ ಸುಪ್ರೀಂ ಕೋರ್ಟು 2010ರಲ್ಲಿ ಪಡಿಲ್ಲಾ ಕೇಸಿನಲ್ಲಿ ಹೇಳಿದೆ. ‘ನೀನು ಸಿಟಿಜನ್ ಅಲ್ಲದಿದ್ದರೆ ಗಡೀಪಾರು ಆಗಬಹುದು’ ಅನ್ನುವ ಸಾಲಿರುವ ಅಚ್ಚಾದ ಫಾರ್ಮಿಗೆ ಎಲ್ಲರೂ ಸಹಿ ಹಾಕಿರುತ್ತಾರೆ. ಅದೊಂದು ಇದೆ ಅಂದಮಾತ್ರಕ್ಕೆ ಕೇಸ್ ಸೋತ ಹಾಗಲ್ಲ. 2021ರ ವಿವಾರ್ ಕೇಸಿನಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು ಮುಖ್ಯವಾಗಿ ನೋಡಿದ್ದು ಆ ವ್ಯಕ್ತಿಗೆ ಇಲ್ಲಿ ಎಷ್ಟು ಬೇರು ಇತ್ತು, ಆ ಸಮಯದಲ್ಲಿ ಅವನು ಏನು ಹೇಳಿದ್ದ, ಬರೆದಿದ್ದ ಅನ್ನುವುದನ್ನು. ಹನ್ನೊಂದನೇ ವಯಸ್ಸಿಗೆ ಬಂದು ಶಾಲೆ, ಕಾಲೇಜು, ಮನೆಮಂದಿ ಎಲ್ಲಾ ಇಲ್ಲೇ ಇರುವ ಹುಡುಗನಿಗೆ ಈ ವಾದ ಗಟ್ಟಿಯಾಗಿಯೇ ಇದೆ. 2016ರಲ್ಲಿ ವಕೀಲರಿಗೆ ಕಳಿಸಿದ ಇಮೇಲ್, ಮೆಸೇಜ್, ‘ಇದರಿಂದ ಗ್ರೀನ್ ಕಾರ್ಡ್‌ಗೆ ತೊಂದರೆ ಆಗಲ್ಲ ತಾನೇ’ ಅಂತ ಕೇಳಿದ್ದು ಎಲ್ಲಾದರೂ ಇದ್ದರೆ ಅದು ಚಿನ್ನ. ಹಳೆಯ ಫೋನುಗಳನ್ನು ಎಸೆಯಬೇಡಿ.

ಇದೂ ಆಗದಿದ್ದರೆ ಕೊನೆಗೆ ರಾಜ್ಯಪಾಲರ ಕ್ಷಮಾದಾನ ಇದೆ. ಪೂರ್ಣ ಕ್ಷಮಾದಾನ ಸಿಕ್ಕರೆ ಇಂಥ ಅಪರಾಧದ ಮೇಲಿನ ಗಡೀಪಾರು ನಿಲ್ಲುತ್ತೆ. ಕ್ಯಾಲಿಫೋರ್ನಿಯಾದ ರಾಜ್ಯಪಾಲರಾಗಿ ಜೆರ್ರಿ ಬ್ರೌನ್, ಗ್ಯಾವಿನ್ ನ್ಯೂಸಮ್ ಇಬ್ಬರೂ ಗಡೀಪಾರಿನ ಭಯದಲ್ಲಿದ್ದ ವಲಸಿಗರಿಗೆ ಕ್ಷಮಾದಾನ ಕೊಟ್ಟಿದ್ದಾರೆ. ಅದು ದೂರದ ದಾರಿ, ನಿಮಗೆ ಬೇಕಾಗಲಾರದು. ಅಕಸ್ಮಾತ್ ಇಮಿಗ್ರೇಷನ್ ಕೋರ್ಟಿಗೆ ಹೋಗಬೇಕಾಗಿ ಬಂದರೂ ಧೈರ್ಯವಾಗಿರಿ. ಐದು ವರ್ಷ ಗ್ರೀನ್ ಕಾರ್ಡ್ ಇಟ್ಟುಕೊಂಡು, ಕಾನೂನುಬದ್ಧವಾಗಿ ಪ್ರವೇಶ ಪಡೆದು ಏಳು ವರ್ಷ ಇಲ್ಲಿ ವಾಸ ಮಾಡಿದವರು, ಅಗ್ರವೇಟೆಡ್ ಫೆಲೊನಿ ಇಲ್ಲದಿದ್ದರೆ, ಗಡೀಪಾರು ರದ್ದು ಮಾಡಿ ಅಂತ ಜಡ್ಜ್‌ಗೆ ಕೇಳಬಹುದು. ಆ ಏಳು ವರ್ಷದ ಎಣಿಕೆ ಅಪರಾಧದ ದಿನಕ್ಕೆ ನಿಂತುಬಿಡುತ್ತೆ. 2008ರಿಂದ 2016, ನಿಮಗೆ ಸಾಕಾಗುತ್ತೆ.

ಹಾಗಾಗಿ ಮಾಡಬೇಕಾದ ಕ್ರಮ ಹೀಗೆ. ಮೊದಲು ಕಾಗದ. ಸಾಂಟಾ ಕ್ಲಾರಾ ಕೋರ್ಟಿನ ಕ್ಲರ್ಕ್ ಕೌಂಟರ್‌ನಿಂದ ದೋಷಾರೋಪ ಪತ್ರ, ಅವನು ಸಹಿ ಹಾಕಿದ ತಪ್ಪೊಪ್ಪಿಗೆ ಫಾರ್ಮ್, ಶಿಕ್ಷೆಯ ಆದೇಶ, ಇವುಗಳ ಪ್ರಮಾಣಿತ ಪ್ರತಿ ತೆಗೆಸಿ, ಎರಡೆರಡು ಸೆಟ್. ಕೋರ್ಟುಗಳು ಹಳೆಯ ಫೈಲುಗಳನ್ನು ಕೆಲವು ವರ್ಷದ ಮೇಲೆ ನಾಶ ಮಾಡುತ್ತವೆ, ಆಮೇಲೆ ಇಮಿಗ್ರೇಷನ್‌ನವರು ಕೇಳಿದಾಗ ಕೊಡೋಕೆ ಏನೂ ಇರುವುದಿಲ್ಲ. ಲೈವ್ ಸ್ಕ್ಯಾನ್ ಸೆಂಟರಿನಲ್ಲಿ ಬೆರಳಚ್ಚು ಕೊಟ್ಟು ರಾಜ್ಯದ ನ್ಯಾಯ ಇಲಾಖೆಯಿಂದ ಅವನ ಪೂರ್ತಿ ರೆಕಾರ್ಡ್ ತರಿಸಿ. ಇಲಾಖೆಯ ಶುಲ್ಕ 25 ಡಾಲರ್, ಬೆರಳಚ್ಚು ತೆಗೆಯುವವರದು ಬೇರೆ. ಇತ್ತೀಚಿನ ಕಾನೂನುಗಳಿಂದ ಕೆಲವು ಹಳೆಯ ಶಿಕ್ಷೆಗಳಿಗೆ ಅರ್ಜಿಯೇ ಇಲ್ಲದೆ ಇಲಾಖೆ ತಾನಾಗಿ ಪರಿಹಾರ ದಾಖಲಿಸುತ್ತಿದೆ, ಅದರಲ್ಲಿ ಇವನದೂ ಆಗಿದೆಯಾ ಅಂತ ಗೊತ್ತಾಗುತ್ತೆ. ಆಗಿದ್ದರೂ ಇಮಿಗ್ರೇಷನ್‌ಗೆ ಅದರಿಂದ ಉಪಯೋಗವಿಲ್ಲ, 17(ಬಿ) ಬೇಕೇ ಬೇಕು.

ಆಮೇಲೆ ವಕೀಲರು. ಕ್ರಿಮಿನಲ್ ಕೇಸುಗಳ ಇಮಿಗ್ರೇಷನ್ ಪರಿಣಾಮವನ್ನೇ ನೋಡುವವರು ಇದ್ದಾರೆ, ಅವರನ್ನು ಹುಡುಕಿ. ಕಂಪನಿಯಲ್ಲಿ ನಿಮ್ಮ ಎಚ್-1ಬಿ ಫೈಲ್ ಮಾಡಿದವರು ಒಳ್ಳೆಯವರೇ ಇರಬಹುದು, ಇದು ಅವರ ಕೆಲಸವಲ್ಲ. ಫಾರ್ಮ್ ತುಂಬಿಕೊಡುವ ಏಜೆಂಟರ ಹತ್ತಿರವಂತೂ ಹೋಗಲೇಬೇಡಿ. ದುಡ್ಡಿನ ತೊಂದರೆ ಇರುವ ಓದುಗರಿಗೂ ಹೇಳುತ್ತೇನೆ, ಬೇ ಏರಿಯಾದ ಕೌಂಟಿಗಳ ಪಬ್ಲಿಕ್ ಡಿಫೆಂಡರ್ (ವಕೀಲರನ್ನು ಇಡಲು ದುಡ್ಡಿಲ್ಲದವರ ಪರ ವಾದಿಸುವ ಸರ್ಕಾರಿ ವಕೀಲರು) ಕಚೇರಿಗಳಲ್ಲಿ ರೆಕಾರ್ಡ್ ಸರಿಪಡಿಸಲು ಸಹಾಯ ಸಿಗುತ್ತೆ, ವಿಚಾರಿಸಿ. 17(ಬಿ) ಮತ್ತು 1203.4 ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಮಿಸ್‌ಡಿಮೀನರ್‌ಗೆ ಇಳಿಸಿದ ಆದೇಶ ಕೈಗೆ ಬಂದ ಮೇಲೆ, ಅದನ್ನು ಇಮಿಗ್ರೇಷನ್ ವಕೀಲರು ನೋಡಿ ಸರಿ ಅಂದ ಮೇಲೆ, ಸಿಟಿಜನ್‌ಶಿಪ್‌ನ ಎನ್-400.

ಆ ಫಾರ್ಮಿನಲ್ಲಿ ಸುಳ್ಳು ಬೇಡ. ಕೆಲಸದ ಅರ್ಜಿಯಲ್ಲಿ ‘ಇಲ್ಲ’ ಅನ್ನಬಹುದಾದರೂ ಇಮಿಗ್ರೇಷನ್ ಅರ್ಜಿಯಲ್ಲಿ ‘ಹೌದು’ ಅಂತಲೇ ಬರೆಯಬೇಕು. ಬಂಧನ, ಕೇಸ್, ಶಿಕ್ಷೆ, ವಜಾ ಆಗಿದ್ದರೂ, ಸೀಲ್ ಆಗಿದ್ದರೂ. ಬೆರಳಚ್ಚಿನಿಂದ ಅವರಿಗೆ ಗೊತ್ತೇ ಇರುತ್ತೆ. ನಡತೆಯನ್ನು ಮುಖ್ಯವಾಗಿ ನೋಡುವುದು ಅರ್ಜಿಗೆ ಹಿಂದಿನ ಐದು ವರ್ಷ, ಅದಕ್ಕಿಂತ ಹಿಂದಿನದನ್ನೂ ನೋಡಬಹುದು. 2019ರ ನಂತರ ಸ್ವಚ್ಛವಾಗಿರುವವನಿಗೆ ಹಳೆಯ ಕಳವು ಅಷ್ಟು ಭಾರವಲ್ಲ, ಇವತ್ತು ಹೇಳಿದ ಸುಳ್ಳು ಭಾರ. 2015ರ ಗ್ರೀನ್ ಕಾರ್ಡಿನ ಹತ್ತು ವರ್ಷ ಮುಗಿದಿರಬೇಕಲ್ಲ, ಅದರ ಬಗ್ಗೆ ಗಾಬರಿ ಬೇಡ. ಮುಗಿಯುವುದು ಕಾರ್ಡು, ಅವನ ಹಕ್ಕಲ್ಲ. ನವೀಕರಣಕ್ಕೂ ಬೆರಳಚ್ಚು ಕೊಡಬೇಕಾಗುತ್ತೆ, ಅದಕ್ಕೇ ಅದನ್ನೂ ವಕೀಲರಿಗೆ ಹೇಳಿಯೇ ಮಾಡಿ.

ಇದೇ ಥರದ ಕಷ್ಟದಲ್ಲಿರುವ ಬೇರೆಯವರಿಗೆ ಎರಡು ಮಾತು. ಮಗುವಿಗೆ 18 ತುಂಬುವ ಮುಂಚೆ ಅಪ್ಪ ಅಥವಾ ಅಮ್ಮ ಸಿಟಿಜನ್ ಆಗಿದ್ದು, ಗ್ರೀನ್ ಕಾರ್ಡ್ ಇದ್ದ ಮಗು ಅವರ ಜೊತೆಗೇ ಇದ್ದರೆ, ಆ ಮಗು ಅರ್ಜಿಯೇ ಇಲ್ಲದೆ ಆಗಲೇ ಸಿಟಿಜನ್. ಈ ಭಯಗಳಲ್ಲಿ ಒಂದೂ ಅವರಿಗಿಲ್ಲ. ಮೊದಲು ಇದನ್ನು ನೋಡಿಕೊಳ್ಳಿ. ಇನ್ನು ಟೆಕ್ಸಾಸ್ ಕಡೆ ‘ಡಿಫರ್ಡ್ ಅಡ್ಜುಡಿಕೇಷನ್’ (ತೀರ್ಪನ್ನು ಮುಂದಕ್ಕೆ ಹಾಕುವುದು) ಅಂತ ಕೊಟ್ಟು, ಇದು ಶಿಕ್ಷೆಯೇ ಅಲ್ಲ ಅನ್ನುತ್ತಾರೆ. ರಾಜ್ಯದ ಕಾನೂನಿನಲ್ಲಿ ನಿಜ. ಇಮಿಗ್ರೇಷನ್‌ನಲ್ಲಿ ಅದು ಶಿಕ್ಷೆಯೇ. 18 ಆಗದವರ ಜುವೆನೈಲ್ ಕೋರ್ಟಿನ ತೀರ್ಪು ಮಾತ್ರ ಇಮಿಗ್ರೇಷನ್ ಲೆಕ್ಕದಲ್ಲಿ ಶಿಕ್ಷೆ ಅಲ್ಲ.

ಹುಡುಗಿಯ ವಿಷಯ. ಹೇಳಲೇಬೇಕು ಅನ್ನುವ ಕಾನೂನೇನೂ ಇಲ್ಲ, ಆದರೆ ನಾನು ಹೇಳಿ ಅನ್ನುತ್ತೇನೆ. ಮೊದಲು ಹುಡುಗಿಗೆ, ಅವನ ಬಾಯಿಂದಲೇ, ನಿಶ್ಚಿತಾರ್ಥಕ್ಕೆ ಮುಂಚೆ. ಮನೆಯವರಿಗೆ ಯಾವಾಗ ಹೇಗೆ ಹೇಳುವುದು ಅಂತ ಅವರಿಬ್ಬರೇ ಮಾತಾಡಿಕೊಳ್ಳಲಿ. ಕೋರ್ಟ್ ಫೈಲು ತೆರೆದೇ ಇರುತ್ತೆ, ಯಾರು ಬೇಕಾದರೂ ನೋಡಬಹುದು. ಅವಳು ಭಾರತದಲ್ಲಿದ್ದರೆ ಮದುವೆ ಎಲ್ಲಿ, ಅವನು ಬರಬಹುದಾ, ಅವಳು ಇಲ್ಲಿಗೆ ಬರೋಕೆ ಅರ್ಜಿ ಯಾವಾಗ ಅನ್ನುವುದೆಲ್ಲ ಈ ಕೇಸಿಗೇ ತಗುಲಿಕೊಂಡಿದೆ. ಹತ್ತೊಂಬತ್ತರಲ್ಲಿ ತಪ್ಪು ಮಾಡಿ, ಸಾಲ ತೀರಿಸಿದ ಹಾಗೆ ಪೈಸೆ ಪೈಸೆ ಕಟ್ಟಿ, ಓದಿ, ಕೆಲಸ ಹಿಡಿದ ಹುಡುಗ ಅದನ್ನು ಹೇಳಿಕೊಳ್ಳಲು ನಾಚಿಕೆ ಪಡಬೇಕಾಗಿಲ್ಲ.

ಅಜ್ಜಿಯನ್ನು ನೋಡೋಕೆ ಈ ಡಿಸೆಂಬರ್‌ನಲ್ಲಿ ನೀವಿಬ್ಬರು ಹೋಗಿ ಬನ್ನಿ. ಅವನು ದಿನಾ ವಿಡಿಯೋ ಕಾಲ್ ಮಾಡಲಿ. 17(ಬಿ) ಆದೇಶ ಬಂದ ಮೇಲೆ ಅವನು ಹೋಗಬಹುದು, ಆಗಲೂ ಆದೇಶದ ಪ್ರಮಾಣಿತ ಪ್ರತಿ ಮತ್ತು ವಕೀಲರ ಪತ್ರ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಬೇಡ.